ತಮ್ಮ ಹೇಳ್ತಾನೆ ರಾತ್ರಿ 2 ಗಂಟೆಗೆ ಸ್ಲಾಟ್ ದುಡ್ಡು ಕೊಡುತ್ತೆ ಅಂತ. ನಿಜಕ್ಕೂ ಅದನ್ನ ಯಾರು ತೀರ್ಮಾನ ಮಾಡ್ತಾರೆ?

ಲಗ್ಗೆರೆ ಅಕ್ಕ

ಎಲ್ಲರಿಗೂ ನಮಸ್ಕಾರ. ನನಗೆ ಕಂಪ್ಯೂಟರ್ ವಿಷಯ ಅಷ್ಟಾಗಿ ಗೊತ್ತಿಲ್ಲ. ಮನೆ ಮುಂದೆ ಬ್ಲೌಸ್ ಹೊಲಿಯೋ ಅಂಗಡಿ ಇಟ್ಕೊಂಡಿದ್ದೀನಿ. ತಮ್ಮ ಪೀಣ್ಯದಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್. ಸೆಕೆಂಡ್ ಶಿಫ್ಟ್ ಮುಗಿಸಿ ರಾತ್ರಿ 10ಕ್ಕೆ ಹೊರಟು ಮನೆಗೆ ಬಂದು ಊಟ ಮಾಡ್ತಾನೆ, ಆಮೇಲೆ ಫೋನ್ ಹಿಡ್ಕೊಂಡು ಟೆರೇಸ್ ಮೇಲೆ ಹೋದರೆ ಇಳಿಯೋದು 3 ಗಂಟೆಗೆ.

ಅವನು ಆಡ್ತಿರೋದು ಸ್ಲಾಟ್ ಆಟ. ದುಡ್ಡು ಕಟ್ಟಿ ಸ್ಪಿನ್ ಬಟನ್ ಒತ್ತಿದರೆ ಚಿತ್ರಗಳಿರೋ ರೀಲ್‌ಗಳು ತಿರುಗಿ ನಿಲ್ಲುತ್ತವೆ, ಒಂದೇ ಥರದ ಚಿತ್ರ ಸಾಲಾಗಿ ಬಿದ್ದರೆ ದುಡ್ಡು. ಕೆಲಸದಲ್ಲಿರೋ ಒಬ್ಬರು ಟೆಲಿಗ್ರಾಂನಲ್ಲಿ ಲಿಂಕ್ ಕೊಟ್ಟಿದ್ದಂತೆ. ಪ್ಲೇ ಸ್ಟೋರ್‌ನಲ್ಲಿ ಇಲ್ಲ, ಎಪಿಕೆ ಅಂತ ಆಪ್ ಫೈಲನ್ನ ಲಿಂಕ್‌ನಿಂದಲೇ ಇಳಿಸಿ ಹಾಕ್ಕೋಬೇಕು. 5 ವಾರದಲ್ಲಿ 31,500 ಹಾಕಿದ್ದಾನೆ. ಮೊದಲ ವಾರ 4,000 ವಾಪಸ್ ಬಂತು, ಆಮೇಲೆ ಒಂದು ಪೈಸೆಯೂ ಬಂದಿಲ್ಲ. ಪ್ರತಿ ಸಲ ಯುಪಿಐನಲ್ಲಿ ಬೇರೆ ಬೇರೆ ಹೆಸರಿಗೆ ದುಡ್ಡು ಹೋಗಿದೆ.

ಅವನ ಹತ್ರ ಒಂದು ನೋಟ್‌ಬುಕ್ ಇದೆ. ಯಾವ ಹೊತ್ತಿಗೆ ಎಷ್ಟು ಬಿತ್ತು ಅಂತ ಎಲ್ಲ ಬರ್ದಿಟ್ಟಿದ್ದಾನೆ. ‘1:40, 800’, ‘2:15, 1,240’ ಹೀಗೆ. ಕೆಲಸದಲ್ಲಿ ಪ್ರತಿ ಪೀಸ್ ಅಳತೆ ಬರೆಯೋ ಅಭ್ಯಾಸ ಅವನದು, ಅದೇ ಥರ. ‘ಅಕ್ಕಾ, ಮಷೀನು ತುಂಬ್ತಾ ಇದೆ, ರಾತ್ರಿ 2ರ ಹೊತ್ತಿಗೆ ಬಿಡುತ್ತೆ, ಟೈಮಿಂಗ್ ಸಿಕ್ಕಿದೆ’ ಅಂತಾನೆ. ನಾನು ಬೈದಷ್ಟೂ ಅವನು ಆ ಪುಸ್ತಕ ತೋರಿಸ್ತಾನೆ. ನನ್ನ ಹತ್ರ ಉತ್ತರ ಇಲ್ಲ.

ಈಗ ಆಪ್‌ನಲ್ಲಿ 18,600 ಬ್ಯಾಲೆನ್ಸ್ ಇದೆ ಅಂತ ತೋರಿಸ್ತಿದೆ. ತೆಗೀಬೇಕು ಅಂದರೆ ಮೊದಲು 30 ಪರ್ಸೆಂಟ್ ಟ್ಯಾಕ್ಸ್ 5,580 ಕಟ್ಟಿ ಅಂತಿದ್ದಾರೆ. ನನ್ನ ಚೀಟಿ ದುಡ್ಡಿನಲ್ಲಿ ಕೊಡು ಅಂತ ಕೇಳ್ತಿದ್ದಾನೆ.

ಈ ಆಟದಲ್ಲಿ ಗೆಲುವು ಸೋಲು ತೀರ್ಮಾನ ಆಗೋದು ಹೇಗೆ? ಹೊತ್ತು ನೋಡಿ ಕೊಡುತ್ತಾ? ಯಾರಾದರೂ ಕೂತು ಕಂಟ್ರೋಲ್ ಮಾಡ್ತಾರಾ? ಅವನಿಗೆ ಅರ್ಥ ಆಗೋ ಹಾಗೆ ಹೇಳಬೇಕು, ದಯವಿಟ್ಟು ತಿಳಿದವರು ಹೇಳಿ.

ಮತ್ತೀಕೆರೆ ಹುಡುಗ

ಅಕ್ಕಾ, ಎಲ್ಲಾ ಅಡ್ಮಿನ್ ಪ್ಯಾನೆಲ್, ಅಂದರೆ ಆಟ ನಡೆಸೋರ ಕಂಟ್ರೋಲ್ ಪರದೆ ಕೈಲಿರುತ್ತೆ. ನಿಮ್ಮ ತಮ್ಮ ಜಾಸ್ತಿ ಗೆದ್ದ ಅಂದರೆ ಅವನ ಹೆಸರಿನ ಮುಂದೆ ಬಟನ್ ಒತ್ತಿ ಸೋಲಿಸ್ತಾರೆ. ನನ್ನ ಫ್ರೆಂಡ್‌ಗೂ ಹಿಂಗೇ ಆಯ್ತು. ಪ್ರಪಂಚದಲ್ಲಿರೋ ಎಲ್ಲಾ ಸ್ಲಾಟೂ ಹಿಂಗೇ.

ಹಳೇ ಟೆಸ್ಟರ್

ಮೊದಲು ಚೀಟಿ ದುಡ್ಡಿನ ವಿಷಯ. ಅಕ್ಕಾ, ಆ 5,580 ಕಟ್ಟಲೇಬೇಡಿ. ಆಟದಲ್ಲಿ ಗೆದ್ದ ಹಣಕ್ಕೆ 30 ಪರ್ಸೆಂಟ್ ತೆರಿಗೆ ಇರೋದು ನಿಜ. ಆದರೆ ಅದನ್ನ ಕೊಡುವವರೇ ಗೆದ್ದ ಹಣದಲ್ಲಿ ಹಿಡಿದುಕೊಂಡು ಉಳಿದದ್ದನ್ನ ಕೊಡಬೇಕು. ‘ಮೊದಲು ನೀನು ಕಟ್ಟು, ಆಮೇಲೆ ಬಿಡ್ತೀವಿ’ ಅಂದರೆ ಅದು ತೆರಿಗೆ ಅಲ್ಲ. ಇದನ್ನ ಕಟ್ಟಿದರೆ ನಾಳೆ ‘ವೆರಿಫಿಕೇಶನ್’ ಅಂತ ಇನ್ನೊಂದು ಬರುತ್ತೆ. ತೆರೆಯ ಮೇಲಿರೋ 18,600 ಅವರು ಟೈಪ್ ಮಾಡಿದ ಒಂದು ಅಂಕಿ ಅಷ್ಟೇ.

ಈಗ ನಿಮ್ಮ ಪ್ರಶ್ನೆ. ನಾನು 6 ವರ್ಷ ಇದೇ ಊರಿನಲ್ಲಿ ಸ್ಲಾಟ್ ಆಟಗಳ ಟೆಸ್ಟಿಂಗ್ ಮಾಡಿದೆ. ಆಟ ತಯಾರಾಗುತ್ತಿದ್ದದ್ದು ಬೆಂಗಳೂರಿನಲ್ಲಿ, ಹೋಗುತ್ತಿದ್ದದ್ದು ಲೈಸೆನ್ಸ್ ಇರುವ ಬೇರೆ ದೇಶಗಳಿಗೆ. ಆ ಕೆಲಸ ಬಿಟ್ಟು ಸ್ವಲ್ಪ ಕಾಲ ಆಯ್ತು. ಒಳಗೆ ಏನಿರುತ್ತೆ ಅನ್ನೋದನ್ನ ನಿಮ್ಮ ತಮ್ಮನಂಥವರಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ ಅನ್ನೋ ನೋವು ನನಗಿದೆ. ಹಾಗಾಗಿ ಉದ್ದಕ್ಕೇ ಬರೀತೀನಿ.

ಸ್ಪಿನ್ ಒತ್ತಿದ ಕ್ಷಣದಲ್ಲೇ ಆಟ ನಡೆಸೋರ ಕಂಪ್ಯೂಟರ್, ಅಂದರೆ ಸರ್ವರ್, ಯಾವ ಕ್ರಮವೂ ಇಲ್ಲದ ಒಂದಷ್ಟು ಸಂಖ್ಯೆ ತೆಗೆಯುತ್ತೆ. ಅದನ್ನ ತೆಗೆಯೋ ಪ್ರೋಗ್ರಾಂಗೆ ಆರ್‌ಎನ್‌ಜಿ ಅಂತಾರೆ. ಯಾವ ರೀಲ್ ಎಲ್ಲಿ ನಿಲ್ಲಬೇಕು ಅನ್ನೋದು ಆಗಲೇ ಮುಗಿದುಹೋಯಿತು. ಆಮೇಲೆ ಮೂರು ಸೆಕೆಂಡ್ ಗರಗರ ತಿರುಗೋದು, ನಿಧಾನ ಆಗೋದು, ಕೊನೇ ರೀಲ್ ತೂಗಾಡಿ ನಿಲ್ಲೋದು, ಇದೆಲ್ಲ ಆಗಿಹೋದ ತೀರ್ಮಾನದ ಮೇಲೆ ಓಡೋ ಚಿತ್ರ. ಫೋನ್ ಒಳಗೆ ಯಾವ ತೀರ್ಮಾನವೂ ಆಗಲ್ಲ. ಹಿಂದಿನ ಸ್ಪಿನ್ ಏನಾಯ್ತು, ಗಂಟೆ ಎಷ್ಟಾಯ್ತು ಅನ್ನೋದು ಆ ಲೆಕ್ಕದೊಳಗೆ ಬರೋದೇ ಇಲ್ಲ.

ಹಾಗಾದರೆ ಆಟ ನಡೆಸೋರಿಗೆ ಲಾಭ ಎಲ್ಲಿಂದ ಅಂತ ನಿಮ್ಮ ತಮ್ಮ ಕೇಳ್ತಾನೆ. ಅದು ಇರೋದು ಒಂದು ಹಾಳೆಯಲ್ಲಿ. ಆಫೀಸಿನಲ್ಲಿ ಪಾರ್ ಶೀಟ್ ಅಂತಿದ್ದೆವು. ನಾನು ಒಂದು ಚಿಕ್ಕದು ಮಾಡಿ ತೋರಿಸ್ತೀನಿ, ತಮ್ಮ ಕ್ಯಾಲ್ಕುಲೇಟರ್ ಇಟ್ಟುಕೊಂಡು ಪರೀಕ್ಷೆ ಮಾಡಲಿ.

ಮೂರು ರೀಲ್, ಪ್ರತಿಯೊಂದರಲ್ಲೂ 20 ಜಾಗ. ‘ಏಳು’ ಅನ್ನೋ ಅಂಕಿಯ ಚಿತ್ರ 1, 2 ಬೆಲ್, 4 ಮಾವು, 5 ಚೆರ್ರಿ, 6 ನಿಂಬೆ, ಉಳಿದ 2 ಖಾಲಿ. ಒಟ್ಟು 20×20×20, ಅಂದರೆ 8,000 ಥರ ನಿಲ್ಲಬಹುದು. 1 ರೂಪಾಯಿ ಕಟ್ಟಿದರೆ ಮೂರು ಏಳಿಗೆ 1,000, ಮೂರು ಬೆಲ್‌ಗೆ 200, ಮಾವಿಗೆ 30, ಚೆರ್ರಿಗೆ 16, ನಿಂಬೆಗೆ 5 ರೂಪಾಯಿ ಅಂತಿಟ್ಟುಕೊಳ್ಳಿ. 8,000ದಲ್ಲಿ ಏಳು ಬೀಳೋದು 1 ಥರ, ಬೆಲ್ 8, ಮಾವು 64, ಚೆರ್ರಿ 125, ನಿಂಬೆ 216. ಗುಣಿಸಿ ಕೂಡಿದರೆ 1,000 + 1,600 + 1,920 + 2,000 + 1,080 = 7,600. ಒಳಗೆ 8,000 ರೂಪಾಯಿ ಬಂದರೆ ಸರಾಸರಿ 7,600 ಹೊರಗೆ ಹೋಗುತ್ತೆ. 95 ಪರ್ಸೆಂಟ್. ಇದನ್ನೇ ಆರ್‌ಟಿಪಿ ಅನ್ನೋದು.

ಈಗ ಮಾವಿನ 30ನ್ನು 25 ಮಾಡಿ. 7,280, ಅಂದರೆ 91 ಪರ್ಸೆಂಟ್. ಅದೇ ಬಣ್ಣ, ಅದೇ ಹಾಡು, ಅದೇ ರೀಲು. ಬದಲಾಗಿದ್ದು ಒಂದು ಅಂಕಿ. ಅಂಕಿ ಮುಟ್ಟದೆ ರೀಲ್ ಮೇಲಿನ ಒಂದು ಮಾವನ್ನು ಖಾಲಿ ಮಾಡಿದರೂ ಹೀಗೇ ಇಳಿಸಬಹುದು, ಅದಂತೂ ಆಡೋರಿಗೆ ಕಾಣೋದೇ ಇಲ್ಲ. ಮತ್ತೀಕೆರೆ ತಮ್ಮ ಹೇಳಿದ ಹಾಗೆ ಒಬ್ಬೊಬ್ಬರ ಹೆಸರು ನೋಡಿ ಬಟನ್ ಒತ್ತೋ ಅಗತ್ಯ ಲೈಸೆನ್ಸ್ ಇರೋ ಕಂಪನಿಗೆ ಬರೋದಿಲ್ಲ. ಕೋಟಿಗಟ್ಟಲೆ ಸ್ಪಿನ್ ಓಡಿದ ಮೇಲೆ ಆ ಹಾಳೆಯೇ ಕೆಲಸ ಮುಗಿಸಿರುತ್ತೆ. ನಾವು ಒಂದು ಆಟ ಬಿಡೋ ಮುಂಚೆ ರಾತ್ರಿಯಿಡೀ 10 ಕೋಟಿ ಸ್ಪಿನ್ ಓಡಿಸಿ ಬೆಳಗ್ಗೆ ಬಂದು ನೋಡುತ್ತಿದ್ದೆವು. ಹಾಳೆಯಲ್ಲಿ 95 ಅಂದರೆ ಅದು 95ರ ಅಕ್ಕಪಕ್ಕ ಕೂದಲೆಳೆಯಲ್ಲಿ ಬಂದು ನಿಂತಿರುತ್ತಿತ್ತು.

ಕಂಟ್ರೋಲ್ ಅನ್ನೋದು ಇರೋದೇ ಇಲ್ಲ ಅಂತ ಇದರರ್ಥ ಅಲ್ಲ. ಎಲ್ಲಿರುತ್ತೆ ಅಂದರೆ, ಒಂದೇ ಆಟವನ್ನ ತಯಾರಿಸಿದವರು 96, 94, 91, 87 ಹೀಗೆ ನಾಲ್ಕೈದು ವರ್ಷನ್‌ನಲ್ಲಿ ಮಾಡಿಡ್ತಾರೆ. ಯಾವುದನ್ನ ಹಾಕ್ಕೋಬೇಕು ಅಂತ ಸೈಟ್ ನಡೆಸೋರು ಆರಿಸ್ತಾರೆ. ಪ್ರತಿ ವರ್ಷನ್ ಜಿಎಲ್‌ಐ, ಬಿಎಂಎಂ, ಇಕೋಗ್ರಾ ಥರದ ಪರೀಕ್ಷಾ ಲ್ಯಾಬ್‌ಗೆ ಹೋಗಿ ಬರಬೇಕು. ಲೆಕ್ಕದ ಫೈಲ್‌ಗೆ ಹ್ಯಾಶ್ ಅಂತ ಒಂದು ಬೆರಳಚ್ಚು ಇರುತ್ತೆ. ಒಳಗೆ ಒಂದು ಅಲ್ಪವಿರಾಮ ಬದಲಾದರೂ ಬೆರಳಚ್ಚು ಬದಲಾಗುತ್ತೆ, ಮತ್ತೆ ಲ್ಯಾಬ್‌ಗೆ ಕಳಿಸಬೇಕು. ಒಂದು ಸಣ್ಣ ತಿದ್ದುಪಡಿಗೆ ವಾರಗಟ್ಟಲೆ ಕಾದಿದ್ದೇವೆ. ಕೆಲವು ಕಡೆ ಕಾನೂನೇ ಗೆರೆ ಎಳೆದಿದೆ. ಅಮೆರಿಕದ ನೆವಾಡದಲ್ಲಿ ಸ್ಲಾಟ್ 75ಕ್ಕಿಂತ ಕಮ್ಮಿ ಇಡೋ ಹಾಗಿಲ್ಲ, ನ್ಯೂಜೆರ್ಸಿಯ ಕ್ಯಾಸಿನೊಗಳಲ್ಲಿ 83.

ನಿಮ್ಮ ತಮ್ಮನ ಎಪಿಕೆಗೆ ಇದ್ಯಾವುದೂ ಇಲ್ಲ. ಲ್ಯಾಬಿನ ಲೋಗೋ ಕೆಳಗೆ ಅಂಟಿಸಿರಬಹುದು, ಅದು ಬರೀ ಚಿತ್ರ. ಹೆಸರಾಂತ ಆಟಗಳ ನಕಲು ಮಾಡಿ ಒಳಗಿನ ಲೆಕ್ಕ ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳೋದು ಗೊತ್ತಿರೋ ವಿಷಯ. ಅಂಥ ಕಡೆ ಮತ್ತೀಕೆರೆ ತಮ್ಮ ಹೇಳಿದ ಬಟನ್ ಇದ್ದರೂ ತಡೆಯೋರು ಯಾರೂ ಇಲ್ಲ.

ಅಕ್ಕಾ, ಒಂದು ಕೆಲಸ ಮಾಡಿ. ಆ ನೋಟ್‌ಬುಕ್ ತೆಗೆದು, ಗೆದ್ದದ್ದು ಯಾವ ಯಾವ ಹೊತ್ತಿಗೆ ಅಂತ ಎಣಿಸಿ. ಅವನು ಒಟ್ಟು ಆಡಿದ್ದು ಯಾವ ಹೊತ್ತಿನಲ್ಲಿ, ಸ್ಪಿನ್‌ಗೆ ಎಷ್ಟು ಕಟ್ಟುತ್ತಿದ್ದ ಅಂತಲೂ ಕೇಳಿ ಬರೆಯಿರಿ.

ಲಗ್ಗೆರೆ ಅಕ್ಕ

ಸರ್, ಬೆಳಗ್ಗೆ ಅವನು ಮಲಗಿದ್ದಾಗ ಅಲ್ಲ, ಎದ್ದ ಮೇಲೆ ಅವನನ್ನೇ ಕೂರಿಸಿಕೊಂಡು ಎಣಿಸಿದೆ. ಕದ್ದು ನೋಡಿದರೆ ಜಗಳ ಆಗುತ್ತೆ ಅಂತ. 47 ಸಲ ಬರೆದಿದ್ದಾನೆ. ಅದರಲ್ಲಿ 38 ರಾತ್ರಿ 12ರಿಂದ 3ರ ಒಳಗೆ. ‘ನೋಡು ಅಕ್ಕಾ, ನಾನು ಹೇಳಲಿಲ್ವಾ’ ಅಂದ. ಆಮೇಲೆ ನೀವು ಹೇಳಿದ ಹಾಗೆ ‘ಬೇರೆ ಹೊತ್ತಲ್ಲಿ ಎಷ್ಟು ಆಡಿದ್ದೀಯಾ’ ಅಂತ ಕೇಳಿದೆ. ಸುಮ್ಮನಾದ. ಶಿಫ್ಟ್ ಮುಗಿದು ಊಟ ಆಗಿ ಅವನು ಕೂರೋದೇ ಆ ಹೊತ್ತಿಗೆ. ಉಳಿದ 9 ಭಾನುವಾರ ಮಧ್ಯಾಹ್ನದ್ದು.

ಸ್ಪಿನ್‌ಗೆ 40 ರೂಪಾಯಿ ಅಂತೆ. ಒಂದು ವಿಷಯ ಮಾತ್ರ ಬಿಡ್ತಿಲ್ಲ. ‘ಎರಡು ಏಳು ಬಂದು ಮೂರನೇದು ಒಂದೇ ಒಂದು ಮನೆ ಮೇಲೆ ನಿಲ್ಲುತ್ತೆ, ದಿನಾ ನಿಲ್ಲುತ್ತೆ, ಹತ್ತಿರ ಬಂದಿದೆ ಅಂತ ತಾನೇ ಅರ್ಥ’ ಅಂತಾನೆ. ಮತ್ತೆ, 100ಕ್ಕೆ 95 ವಾಪಸ್ ಬರೋದಾದರೆ ನನ್ನ 31,500 ಪೂರ್ತಿ ಹೇಗೆ ಹೋಯ್ತು, ಮೋಸನೇ ಅಲ್ವಾ ಅಂತಾನೆ.

ಹಳೇ ಟೆಸ್ಟರ್

ಅವನನ್ನ ಜೊತೆಗೆ ಕೂರಿಸಿಕೊಂಡು ಎಣಿಸಿದ್ದು ತುಂಬಾ ಒಳ್ಳೇದಾಯ್ತು.

95 ಅನ್ನೋದು ಹಾಕಿದ ದುಡ್ಡಿನ ಮೇಲಲ್ಲ, ಪ್ರತಿ ಸ್ಪಿನ್ ಮೇಲೆ. ಎಲ್ಲರೂ ಎಡವೋದು ಇಲ್ಲೇ. 1,000 ರೂಪಾಯಿ ಒಂದು ಸುತ್ತು ಆಡಿದರೆ ಸರಾಸರಿ 950 ಉಳಿಯುತ್ತೆ. ಆ 950ನ್ನೇ ಮತ್ತೆ ಆಡಿದರೆ 902. ಹೀಗೇ 14 ಸುತ್ತಿಗೆ ಅರ್ಧಕ್ಕಿಂತ ಕಮ್ಮಿ. ಗೆದ್ದ 800 ಜೇಬಿಗೆ ಬರಲಿಲ್ಲ, ಮತ್ತೆ 20 ಸ್ಪಿನ್ ಆಯ್ತು.

ಅವನ ನಷ್ಟ 31,500ರಲ್ಲಿ 4,000 ಕಳೆದು 27,500. ನೂರಕ್ಕೆ 5ರಂತೆ 27,500 ಕಳೆಯಬೇಕು ಅಂದರೆ ಒಟ್ಟು 5,50,000 ರೂಪಾಯಿಯ ಬೆಟ್ ಆಗಬೇಕು. 40ರಂತೆ 13,750 ಸ್ಪಿನ್. ಗಂಟೆಗೆ 500 ಸ್ಪಿನ್ ಸಲೀಸಾಗಿ ಆಗುತ್ತೆ. 35 ದಿನಕ್ಕೆ ಹಂಚಿದರೆ ದಿನಕ್ಕೆ ಮುಕ್ಕಾಲು ಗಂಟೆ. ಅವನು ಕೂರುತ್ತಿದ್ದದ್ದು ಅದಕ್ಕಿಂತ ಜಾಸ್ತಿ. ಅಂದರೆ ಪೂರ್ತಿ ಪ್ರಾಮಾಣಿಕವಾದ ಆಟ ಆಗಿದ್ದರೂ ಸರಾಸರಿ ಇಷ್ಟೇ ಹೋಗುತ್ತಿತ್ತು. ಇದು ಸರಾಸರಿ ಮಾತು, ಒಬ್ಬಿಬ್ಬರು ಗೆದ್ದೂ ಹೊರಗೆ ಬರ್ತಾರೆ. ಗುಂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕೋರು ಅವರೇ.

ಮಷೀನು ತುಂಬೋ ಮಾತು. ನಾನು ಕೊಟ್ಟ ಹಾಳೆಯಲ್ಲಿ ಏನಾದರೂ ಬೀಳೋದು 8,000ದಲ್ಲಿ 414 ಸಲ, ಸುಮಾರು 19 ಸ್ಪಿನ್‌ಗೆ ಒಂದು. ಸತತ 50 ಸ್ಪಿನ್ ಏನೂ ಬೀಳದೆ ಹೋಗೋ ಸಾಧ್ಯತೆ ನೂರಕ್ಕೆ 7. ಅಂದರೆ ಆಗಾಗ ಆಗುತ್ತೆ. 51ನೇ ಸ್ಪಿನ್‌ಗೂ ಅದೇ 19ಕ್ಕೆ ಒಂದು. ಒಳಗೆ ತುಂಬೋಕೆ ಡಬ್ಬ ಇಲ್ಲ.

ಮೂರನೇ ಏಳು ಒಂದು ಮನೆ ಮೇಲೆ ನಿಲ್ಲೋದರ ಬಗ್ಗೆ ಸ್ವಲ್ಪ ಕಥೆ ಹೇಳಬೇಕು. ಹಳೇ ಕಬ್ಬಿಣದ ಮಷೀನ್‌ಗಳಲ್ಲಿ ರೀಲ್ ಮೇಲೆ 20-22 ಜಾಗ ಇತ್ತು, ಹಾಗಾಗಿ ದೊಡ್ಡ ಬಹುಮಾನ ಇಡೋಕೆ ಆಗ್ತಿರಲಿಲ್ಲ. 1984ರಲ್ಲಿ ಇಂಗೆ ಟೆಲ್ನೇಸ್ ಅನ್ನೋರಿಗೆ ಅಮೆರಿಕದಲ್ಲಿ ಒಂದು ಪೇಟೆಂಟ್ ಸಿಕ್ಕಿತು. ಕಾಣೋ ರೀಲ್ ಹಿಂದೆ ಕಂಪ್ಯೂಟರ್‌ನಲ್ಲಿ ಒಂದು ಕಾಣದ ರೀಲ್, ಅದರಲ್ಲಿ 64 ಜಾಗ ಅಂತಿಟ್ಟುಕೊಳ್ಳಿ. 64ರಲ್ಲಿ ಒಂದು ಮಾತ್ರ ಏಳಿಗೆ, ಏಳರ ಮೇಲಿನ ಮತ್ತು ಕೆಳಗಿನ ಖಾಲಿ ಮನೆಗೆ ತಲಾ ಐದೋ ಆರೋ. ಆಗ ‘ಏಳು’ ಬಹುಮಾನದ ಗೆರೆ ಮೇಲೆ ನಿಲ್ಲೋದು ಅಪರೂಪ, ಗೆರೆಯ ಪಕ್ಕ ನಿಲ್ಲೋದು ಪದೇ ಪದೇ. ಈಗಿನ ಫೋನ್ ಸ್ಲಾಟ್‌ಗೂ ಮೂಲ ಇದೇ ಯೋಚನೆ. ಹತ್ತಿರ ಬಂದಿದೆ ಅನ್ನಿಸೋದು ಅವನ ತಪ್ಪಲ್ಲ, ಹಾಗೆ ಅನ್ನಿಸೋ ಹಾಗೆ ಹಂಚಿಟ್ಟಿರ್ತಾರೆ.

ಇನ್ನೊಂದು ನನ್ನ ಕಣ್ಣೆದುರೇ ಆದದ್ದು. 40 ಕಟ್ಟಿ 16 ಬಂದರೂ ಆಟ ಲೈಟ್ ಹಾಕಿ, ಹಾಡು ಹಾಡಿ ‘ಗೆದ್ದಿರಿ’ ಅನ್ನುತ್ತೆ. ಹೋಗಿದ್ದು 24. ಬ್ರಿಟನ್ ಇದನ್ನ 2021ರ ಅಕ್ಟೋಬರ್ 31ರಿಂದ ನಿಲ್ಲಿಸಿತು. ಕಟ್ಟಿದ್ದಕ್ಕಿಂತ ಹೆಚ್ಚು ಬರದಿದ್ದರೆ ಸಂಭ್ರಮ ಮಾಡೋ ಹಾಗಿಲ್ಲ, ಬಟನ್ ಒತ್ತದೆ ತಾನಾಗೇ ಸ್ಪಿನ್ ಆಗ್ತಾ ಹೋಗೋ ಆಟೋಪ್ಲೇ ಇಲ್ಲ, ಎರಡು ಸ್ಪಿನ್ ನಡುವೆ ಕನಿಷ್ಠ 2.5 ಸೆಕೆಂಡ್. ಆ ನಿಯಮಕ್ಕೆ ಟೆಸ್ಟ್ ಕೇಸ್ ಬರೆದವನು ನಾನೇ. ಬ್ರಿಟನ್‌ಗೆ ಹೋಗೋ ಆಟದಲ್ಲಿ 16ಕ್ಕೆ ಹಾಡು ಬರಬಾರದು ಅಂತ ಪರೀಕ್ಷೆ ಮಾಡಿ, ಅದೇ ಮಧ್ಯಾಹ್ನ ಬೇರೆ ದೇಶದ ವರ್ಷನ್‌ನಲ್ಲಿ 16ಕ್ಕೆ ಹಾಡು ಬರಲೇಬೇಕು ಅಂತ ಪರೀಕ್ಷೆ ಮಾಡಿದೆ. ಎರಡಕ್ಕೂ ‘ಪಾಸ್’ ಅಂತ ಗುರುತು ಹಾಕಿದೆ. ಆ ದಿನ ನನಗೆ ಮರೆತಿಲ್ಲ.

ನೋಟ್‌ಬುಕ್‌ನಲ್ಲಿ ಇರೋ 47ರಲ್ಲಿ ಇಂಥ ‘ಗೆಲುವು’ ಎಷ್ಟು ಅಂತ ಅವನೇ ನೋಡಲಿ.

ಮತ್ತೀಕೆರೆ ಹುಡುಗ

ಸರ್, ಲ್ಯಾಬ್, ಹ್ಯಾಶ್ ಎಲ್ಲ ಸರಿ. ಒಳಗಿನವರೇ ಮಾಡಿದರೆ?

ಹಳೇ ಟೆಸ್ಟರ್

ಮಾಡಿದ್ದಾರೆ. ನೆವಾಡದ ಗೇಮಿಂಗ್ ಕಂಟ್ರೋಲ್ ಬೋರ್ಡ್‌ನಲ್ಲಿ ರೊನಾಲ್ಡ್ ಡೇಲ್ ಹ್ಯಾರಿಸ್ ಅಂತ ಒಬ್ಬ ಇದ್ದ. ಮಷೀನ್‌ಗಳ ಪ್ರೋಗ್ರಾಂ ಪರೀಕ್ಷೆ ಮಾಡೋದೇ ಅವನ ಕೆಲಸ. ಅವನೇ ಒಳಗೆ ಕೋಡ್ ಸೇರಿಸಿ, ನಾಣ್ಯವನ್ನ ಒಂದು ಕ್ರಮದಲ್ಲಿ ಹಾಕಿದರೆ ದುಡ್ಡು ಬೀಳೋ ಹಾಗೆ ಮಾಡಿದ್ದ. 1995ರ ಜನವರಿಯಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಕೀನೋ ಅನ್ನೋ ನಂಬರ್ ಆರಿಸೋ ಆಟದ 1 ಲಕ್ಷ ಡಾಲರ್ ಬಹುಮಾನ ತೆಗೆಯೋಕೆ ಅವನ ಜೊತೆಗಾರ ಹೋದಾಗ ಇಬ್ಬರೂ ಸಿಕ್ಕಿಬಿದ್ದರು. ಅಲ್ಲಿ ಅನುಮಾನ ಬಂದರೆ ಬಾಗಿಲು ತಟ್ಟೋಕೆ ಒಂದು ಆಫೀಸ್ ಇತ್ತು. ಈ ಎಪಿಕೆಗೆ ಅದೂ ಇಲ್ಲ, ನಾನು ಹೇಳ್ತಿರೋ ವ್ಯತ್ಯಾಸ ಅದೇ.

ಗಾಂಧಿನಗರ ವಕೀಲ

ಕಾನೂನಿನ ಭಾಗ ಚಿಕ್ಕದಾಗಿ ಹೇಳುತ್ತೇನೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆನ್‌ಲೈನ್ ಆಟ ನಿಷೇಧಿಸಿತ್ತು, ಹೈಕೋರ್ಟ್ 2022ರ ಫೆಬ್ರವರಿ 14ರಂದು ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಮೇಲೆ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂತು, 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ಹಣ ಕಟ್ಟಿ ಆಡುವ ಆಟವನ್ನು ಒದಗಿಸುವುದೇ ಅಪರಾಧ: 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಜಾಹೀರಾತು ಕೊಟ್ಟರೆ 2 ವರ್ಷ, 50 ಲಕ್ಷದವರೆಗೆ.

ಆಡಿದವನಿಗೆ ಆ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ಅಮ್ಮಾ, ನಿಮ್ಮ ತಮ್ಮ ಹೆದರಿ ಸುಮ್ಮನಿರಬೇಕಾಗಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ದುಡ್ಡು ಹೋದ ಪ್ರತಿ ಹೆಸರು, ಯುಪಿಐ ಐಡಿ, ವ್ಯವಹಾರದ ಸಂಖ್ಯೆ ಗುರುತು ಮಾಡಿಟ್ಟುಕೊಳ್ಳಿ. ತೆರಿಗೆ ಕೇಳಿದ ಮೆಸೇಜನ್ನು ಅಳಿಸಬೇಡಿ. ಎಪಿಕೆ ತೆಗೆಯುವ ಮುಂಚೆ ಎಲ್ಲದರ ಸ್ಕ್ರೀನ್‌ಶಾಟ್ ಇರಲಿ. ಬೇರೆ ಬೇರೆ ಹೆಸರಿಗೆ ಹೋಗಿರುವ ಖಾತೆಗಳು ಬಾಡಿಗೆಗೆ ಪಡೆದವು ಆಗಿರುವ ಸಾಧ್ಯತೆ ಹೆಚ್ಚು, ತಡಮಾಡಿದಷ್ಟೂ ಹಣ ಮುಂದೆ ಸಾಗಿಬಿಡುತ್ತದೆ.

ಲಗ್ಗೆರೆ ಅಕ್ಕ

1930ಕ್ಕೆ ಫೋನ್ ಮಾಡಿ ದೂರು ಬರೆಸಿದ್ವಿ. ಸ್ಟೇಟ್‌ಮೆಂಟ್‌ನಲ್ಲಿ 11 ಬೇರೆ ಬೇರೆ ಹೆಸರಿತ್ತು. 5,580 ಕಟ್ಟಲಿಲ್ಲ.

47ರಲ್ಲಿ 19 ಸಲ ಬಂದಿದ್ದು 40ಕ್ಕಿಂತ ಕಮ್ಮಿ ಅಂತ ಅವನೇ ಗುರುತು ಹಾಕಿದ. ಎಂಟು ಸಾವಿರದ ಲೆಕ್ಕವನ್ನೂ ಪುಸ್ತಕದ ಹಿಂದಿನ ಪುಟದಲ್ಲಿ ಮಾಡಿ ನೋಡಿದ, 7,600 ಸರಿ ಬಂತು. ಈಗ ಅವನದೇ ಒಂದು ಪ್ರಶ್ನೆ, ಅವನು ಹೇಳಿದ ಹಾಗೇ ಬರೀತಿದ್ದೀನಿ: ‘ಸರ್, ನಮ್ಮ ಕಡೆ ಟೂಲ್ ಸವೆದರೆ ಐದಾರು ಪೀಸ್ ಅಳತೆ ನೋಡಿದರೆ ಗೊತ್ತಾಗುತ್ತೆ. ಆಟ 95ರಿಂದ 91ಕ್ಕೆ ಇಳಿದರೆ ಎಷ್ಟು ಸ್ಪಿನ್‌ನಲ್ಲಿ ನನಗೆ ಗೊತ್ತಾಗುತ್ತೆ?’

ಹಳೇ ಟೆಸ್ಟರ್

ತಮ್ಮಾ, ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನ ಆಡೋರಲ್ಲಿ ಯಾರೂ ನನಗೆ ಕೇಳಿರಲಿಲ್ಲ.

ನಿನ್ನ ಪೀಸ್‌ಗಳ ಅಳತೆ ಒಂದಕ್ಕೊಂದು ಮೈಕ್ರಾನ್ ಲೆಕ್ಕದಲ್ಲಿ ಮಾತ್ರ ಏರುಪೇರಾಗುತ್ತೆ, ಅದಕ್ಕೇ ಐದಾರು ಸಾಕು. ಸ್ಲಾಟ್‌ನಲ್ಲಿ ಒಂದು ಸ್ಪಿನ್ ಸೊನ್ನೆ, ಇನ್ನೊಂದು 5, ಇನ್ನೊಂದು 1,000. ನನ್ನ ಆ ಚಿಕ್ಕ ಹಾಳೆಯಲ್ಲಿ ಒಂದು ಸ್ಪಿನ್‌ನ ಏರುಪೇರು ಬೆಟ್‌ನ ಸುಮಾರು 13 ಪಟ್ಟು. ನೀನು ಹಿಡಿಯಬೇಕಾಗಿರೋ ವ್ಯತ್ಯಾಸ ಬೆಟ್‌ನ ನೂರರಲ್ಲಿ 4 ಭಾಗ. ಆ ಏರುಪೇರಿನೊಳಗಿಂದ ಈ 4ನ್ನು ಒಂದಿಷ್ಟು ನಂಬಿಕೆಯಿಂದ ಬೇರ್ಪಡಿಸಬೇಕು ಅಂದರೆ ಸುಮಾರು 4,40,000 ಸ್ಪಿನ್ ಬೇಕು. ಗಂಟೆಗೆ 500ರಂತೆ 880 ಗಂಟೆ. 40 ರೂಪಾಯಿಯಂತೆ 1 ಕೋಟಿ 76 ಲಕ್ಷದ ಬೆಟ್. ಆಟ 95ರದ್ದೇ ಆಗಿದ್ದರೂ ಅಷ್ಟರಲ್ಲಿ ಸರಾಸರಿ 8,80,000 ರೂಪಾಯಿ ಹೋಗಿರುತ್ತೆ.

ಹಾಗಾಗಿ 47 ಸಾಲಿನ ನೋಟ್‌ಬುಕ್‌ನಿಂದ ಆಟ ಪ್ರಾಮಾಣಿಕ ಅಂತಲೂ ಹೇಳೋಕಾಗಲ್ಲ, ಮೋಸ ಅಂತಲೂ ಹೇಳೋಕಾಗಲ್ಲ. ಆಡೋ ಜಾಗದಲ್ಲಿ ಕೂತು ಅದನ್ನ ತಿಳ್ಕೊಳ್ಳೋ ದಾರಿ ಇಲ್ಲ.

ರಾತ್ರಿ 12 ಆದರೆ ಕೈ ತಾನಾಗೇ ಫೋನ್ ಕಡೆ ಹೋಗ್ತಿದ್ದರೆ ಅದು ಲೆಕ್ಕದಿಂದ ನಿಲ್ಲೋದಲ್ಲ. ನಿಮ್ಹಾನ್ಸ್‌ನಲ್ಲಿ ಫೋನ್, ಆನ್‌ಲೈನ್ ಆಟ ಬಿಡೋಕೆ ಆಗದವರಿಗೆ ಅಂತಲೇ ಷಟ್ ಕ್ಲಿನಿಕ್ ಇದೆ. ಹೋಗೋಕೆ ಮುಂಚೆ ಯಾರ ಹತ್ರನಾದರೂ ಮಾತಾಡಬೇಕು ಅನ್ನಿಸಿದರೆ 14416, ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ.

ಲಗ್ಗೆರೆ ಅಕ್ಕ

ಓದಿ ಹೇಳಿದೆ ಸರ್. 8,80,000 ಅಂದಾಗ ‘ಇನ್ನೊಂದು ಸಲ ಓದು’ ಅಂದ. ಮುಂದಿನ ವಾರ ಅವನಿಗೆ ಫಸ್ಟ್ ಶಿಫ್ಟ್ ಬದಲಾಯಿಸಿ ಕೊಡ್ತಾರಂತೆ, ಕೇಳಿಕೊಂಡು ಬಂದಿದ್ದಾನೆ. ನಿಮ್ಹಾನ್ಸ್‌ಗೆ ಅವನ ರಜೆ ದಿನ ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋಗ್ತೀನಿ. ನೋಟ್‌ಬುಕ್ ನನ್ನ ಹತ್ರ ಕೊಟ್ಟಿದ್ದಾನೆ, ದೂರಿನ ಕಾಗದದ ಜೊತೆ ಬೀರುವಿನಲ್ಲಿ ಇಟ್ಟಿದ್ದೀನಿ.